ಪದ ಪರಿಚಯ: ಶಿಕ್ಷಕ–ವಿದ್ಯಾರ್ಥಿ ಅನುಪಾತ

ಶಾಲೆಯ ಮಕ್ಕಳ ಸಂಖ್ಯೆಯನ್ನು ಅಲ್ಲಿನ ಶಿಕ್ಷಕರ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಶಿಕ್ಷಕ–ವಿದ್ಯಾರ್ಥಿ ಅನುಪಾತ. 120 ಮಕ್ಕಳಿಗೆ 4 ಶಿಕ್ಷಕರಿದ್ದರೆ ಅನುಪಾತ 30. ಲೆಕ್ಕ ಇಷ್ಟೇ. ಆದರೆ ಸರ್ಕಾರಿ ಶಾಲೆಗೆ ಹುದ್ದೆ ಮಂಜೂರಾಗುವುದು, ಇದ್ದವರನ್ನು ‘ಹೆಚ್ಚುವರಿ’ ಅಂತ ಬೇರೆ ಶಾಲೆಗೆ ಕಳಿಸುವುದು, ಎರಡೂ ಬಹುಮಟ್ಟಿಗೆ ಈ ಲೆಕ್ಕದ ಮೇಲೆಯೇ ನಡೆಯುತ್ತವೆ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು ಇರಬೇಕು. 61ರಿಂದ 90 ಮಕ್ಕಳಿದ್ದರೆ 3, 91ರಿಂದ 120 ಇದ್ದರೆ 4. 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಬೇಕು, ತರಗತಿಗೆ ಒಬ್ಬರಿಗಿಂತ ಕಡಿಮೆ ಆಗುವ ಹಾಗಿಲ್ಲ. ಕಾಯ್ದೆಯ 25ನೇ ಸೆಕ್ಷನ್ ಇನ್ನೊಂದು ಮುಖ್ಯ ಮಾತು ಹೇಳುತ್ತದೆ. ಈ ಅನುಪಾತ ಪ್ರತಿ ಶಾಲೆಯಲ್ಲೂ ಇರಬೇಕು. ಜಿಲ್ಲೆಯ ಸರಾಸರಿ ಚೆನ್ನಾಗಿದೆ ಅಂದರೆ ಸಾಲದು.

ಯಾಕೆ ಸಾಲದು ಅಂತ ಮಲೆನಾಡಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆಗಳು ಚದುರಿವೆ. ತೋಟದ ನಡುವೆ ನಾಲ್ಕು ಮನೆ, ಗುಡ್ಡದಾಚೆ ಒಂದು ಲೈನ್ ಮನೆ, ಅಂದರೆ ತೋಟದ ಕೂಲಿಕಾರರ ಸಾಲು ಮನೆ. ಹಾಗಾಗಿ ಶಾಲೆಗಳೂ ಸಣ್ಣವು. ಅಂಥದ್ದೊಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 22 ಮಕ್ಕಳು, 2 ಹುದ್ದೆ ಅಂದುಕೊಳ್ಳಿ. ಒಂದು ಹುದ್ದೆ ಖಾಲಿ. ಅನುಪಾತ 22. ಕಾಗದದಲ್ಲಿ ಓದಿದವರಿಗೆ ಇದು ಸುಖವಾದ ಶಾಲೆ!

ಒಳಗೆ ಹೋಗಿ ನೋಡಿದರೆ ಬೇರೆಯೇ. ಒಬ್ಬರೇ ಟೀಚರ್, ಐದು ತರಗತಿ. 1ರಿಂದ 3ರ ಮಕ್ಕಳು ನಲಿ–ಕಲಿ ಕೊಠಡಿಯಲ್ಲಿ ಕಲಿಕಾ ಚಪ್ಪರದ (ಮಕ್ಕಳ ಕೆಲಸಗಳನ್ನು ತೂಗುಹಾಕುವ ದಾರದ ಜಾಲ) ಕೆಳಗೆ ಗುಂಪುಗುಂಪಾಗಿ ಕೂತಿರುತ್ತಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕಲಿಯಲಿ ಅಂತಲೇ ರೂಪಿಸಿದ ಪದ್ಧತಿ ಅದು, ಒಳ್ಳೆಯದೇ. ಆದರೆ ಅದಕ್ಕೆ ಟೀಚರ್ ಆ ಕೋಣೆಯಲ್ಲೇ ಇರಬೇಕು. ಪಕ್ಕದ ಕೋಣೆಯಲ್ಲಿ ಐದನೇ ತರಗತಿಯವರಿಗೆ ಭಿನ್ನರಾಶಿ ಹೇಳಿಕೊಡುವವರು ಯಾರು? ಕಾಪಿ ಬರೆಯಲು ಕೊಟ್ಟು ಓಡಿ ಬರಬೇಕು. ಮಧ್ಯೆ ಬಿಸಿಯೂಟದ ಲೆಕ್ಕ, ಹಾಲು–ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ. ಟೀಚರ್ ಒಂದು ದಿನ ಮೀಟಿಂಗ್‌ಗೆ ಹೋದರೆ ಪಕ್ಕದ ಊರಿಂದ ಯಾರಾದರೂ ಬಂದು ಬಾಗಿಲು ತೆಗೆಯಬೇಕು.

ಇನ್ನು ಪೇಟೆಯ ಕಡೆ ಬನ್ನಿ. ರಾಜ್ಯ ಸರ್ಕಾರ 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಎರಡೂ ಮಾಧ್ಯಮ ಇರುವ ಶಾಲೆಯಲ್ಲಿ ಒಂದು ಕೋಣೆಯಲ್ಲಿ 52 ಮಕ್ಕಳು ಬೆಂಚಿಗೆ ನಾಲ್ವರಂತೆ ಒತ್ತಿ ಕೂರಬಹುದು, ಪಕ್ಕದ ಕನ್ನಡ ಮಾಧ್ಯಮದ ಕೋಣೆಯಲ್ಲಿ 8 ಮಕ್ಕಳಿರಬಹುದು. ಎರಡನ್ನೂ ಕೂಡಿಸಿ ಭಾಗಿಸಿದರೆ 30 ಬರುತ್ತದೆ. ಆ 30 ಯಾವ ಕೋಣೆಯಲ್ಲೂ ಇಲ್ಲ, ಅಲ್ವಾ? ತರಗತಿಯ ಗಾತ್ರ ಮತ್ತು ಅನುಪಾತ ಬೇರೆ ಬೇರೆ ಅನ್ನುವುದು ಇದಕ್ಕೇ. ಮಗು ಅನುಭವಿಸುವುದು ಗಾತ್ರವನ್ನು, ಇಲಾಖೆ ಅಳೆಯುವುದು ಅನುಪಾತವನ್ನು. ನಿಯೋಜನೆ ಮೇಲೆ ಬೇರೆ ಕಡೆ ಹೋದ ಶಿಕ್ಷಕರ ಹೆಸರು ಮೂಲ ಶಾಲೆಯ ಪಟ್ಟಿಯಲ್ಲೇ ಉಳಿದಿದ್ದರೆ ಲೆಕ್ಕ ಇನ್ನೂ ದೂರ ಹೋಗುತ್ತದೆ.

ಇದರಲ್ಲಿ ದುಡ್ಡಿನ ಮಾತು ಎಲ್ಲಿ ಬಂತು ಅಂತ ಕೇಳಬಹುದು. ಸರ್ಕಾರಿ ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಶಿಕ್ಷಕರ ಸಂಬಳ. ಹಾಗಿರುವಾಗ ಹುದ್ದೆ ಖಾಲಿ ಅಂದರೆ ಆ ಊರಿನ ಮಕ್ಕಳಿಗೆ ಸೇರಬೇಕಿದ್ದ ಹಣ ಸೇರಲಿಲ್ಲ ಅಂತಲೇ ಅರ್ಥ. ಯಾರೂ ಬಜೆಟ್ ಕಡಿತ ಮಾಡಿಲ್ಲ, ಯಾವ ಆದೇಶವೂ ಬಂದಿಲ್ಲ. ಸುಮ್ನೆ ಖಾಲಿ ಬಿದ್ದಿದೆ. ಬಸ್ ಇಲ್ಲದ, ಮಳೆಗಾಲದಲ್ಲಿ ಕರೆಂಟೂ ಸರಿಯಾಗಿ ಇರದ ಊರಿಗೆ ಹೋಗಲು ಯಾರಿಗೂ ಮನಸ್ಸಾಗದಿರುವುದು ಸಹಜ. ನಾನು ಶಿಕ್ಷಕರನ್ನು ದೂರುವುದಿಲ್ಲ. ಆದರೆ ಅದರ ಬೆಲೆ ತೆರುವವರು ಕೂಲಿಕಾರರ ಮಕ್ಕಳು, ಅದು ನನಗೆ ಸಹಿಸಲಾಗದ ಮಾತು.

ಸಂಬಳ ಬಿಟ್ಟರೆ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನವಿದೆ. ಯೋಜನೆಯ ಮಾರ್ಗಸೂಚಿಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, ಸಾವಿರದವರೆಗೆ 75,000. ತಲೆ ಲೆಕ್ಕದಲ್ಲಿ 20 ಮಕ್ಕಳ ಶಾಲೆಗೆ ಮಗುವಿಗೆ 500, 500 ಮಕ್ಕಳ ಶಾಲೆಗೆ 150. ಸಣ್ಣ ಶಾಲೆಗೇ ಜಾಸ್ತಿ ಸಿಕ್ಕ ಹಾಗೆ ಕಾಣುತ್ತದೆ. ಆದರೆ ಜುಲೈ ಮಳೆಗೆ ಹೆಂಚು ಜಾರಿದರೆ ಮಕ್ಕಳು ಕಡಿಮೆ ಅಂತ ರಿಪೇರಿ ಖರ್ಚು ಕಡಿಮೆ ಆಗುವುದಿಲ್ಲ. ಪೇಟೆಯ ಶಾಲೆಗೆ ಹಳೆ ವಿದ್ಯಾರ್ಥಿಗಳ ಸಂಘ ಇರುತ್ತದೆ, ಬಣ್ಣ ಹೊಡೆಸುವ ದಾನಿಗಳು ಸಿಗುತ್ತಾರೆ. ಲೈನ್ ಮನೆಯ ಮಕ್ಕಳು ಓದಿದ ಶಾಲೆಗೆ ಯಾರು ಬರಬೇಕು?

ಅಮೆರಿಕದಲ್ಲಿ ಈ ತಾರತಮ್ಯ ಬೇರೆ ದಾರಿಯಲ್ಲಿ ಬರುತ್ತದೆ. ಅಲ್ಲಿ ಸರ್ಕಾರಿ ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ ದುಬಾರಿ ಮನೆಗಳ ಊರಿನ ಶಾಲೆಗೆ ಅನುಕೂಲ ಹೆಚ್ಚು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ಸಣ್ಣ ತರಗತಿಯಿಂದ ಏನು ಲಾಭ ಅನ್ನುವುದಕ್ಕೂ ಅಲ್ಲಿಯ ಉತ್ತರವೇ ಪ್ರಸಿದ್ಧ. 1985ರಿಂದ 1989ರವರೆಗೆ ಟೆನೆಸಿ ರಾಜ್ಯದಲ್ಲಿ ಚಿಕ್ಕ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಯಲ್ಲಿ, ಉಳಿದವರನ್ನು 22ರಿಂದ 25ರ ತರಗತಿಯಲ್ಲಿ ಕೂರಿಸಿದರು. ಸಣ್ಣ ತರಗತಿಯವರು ಓದಿನಲ್ಲೂ ಗಣಿತದಲ್ಲೂ ಮುಂದೆ ಬಂದರು. ಕಪ್ಪು ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ ಆಯಿತು. ಅಲ್ಲಿ ಪ್ರತಿ ತರಗತಿಗೂ ಒಬ್ಬ ಶಿಕ್ಷಕರಿದ್ದರು ಅನ್ನುವುದನ್ನು ಮರೆಯಬಾರದು. ನಮ್ಮ ತೋಟದ ಶಾಲೆಯ 22 ಮಕ್ಕಳನ್ನು ಅದಕ್ಕೆ ಹೋಲಿಸುವ ಹಾಗಿಲ್ಲ.

ಎಲ್ಲ ಶಾಲೆಗೂ ಒಂದೇ ಅನುಪಾತ ಕೊಟ್ಟರೆ ನ್ಯಾಯ ಆಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣ ಶಾಲೆಯಲ್ಲಿ ಎಣಿಸಬೇಕಾದ್ದು ತರಗತಿಗಳನ್ನು, ದೊಡ್ಡ ಶಾಲೆಯಲ್ಲಿ ಕೋಣೆಯೊಳಗಿನ ತಲೆಗಳನ್ನು.

ಇದನ್ನು ಕೇಳಲು ಪೋಷಕರಿಗೆ ಒಂದು ಜಾಗವಿದೆ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ನಮ್ಮ ಎಸ್‌ಡಿಎಂಸಿಯ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕೆಲಸ. ಅದರಲ್ಲಿ ಒಟ್ಟು ಮಕ್ಕಳ ಸಂಖ್ಯೆ ಬರೆದು ಸಹಿ ಹಾಕಿ ಬಿಡಬೇಡಿ. ಪ್ರತಿ ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ, ಎಷ್ಟು ದಿನದಿಂದ ಖಾಲಿ, ನಿಯೋಜನೆ ಮೇಲೆ ಹೋದವರು ಯಾರು, ಎಲ್ಲ ಬರೆಸಿ. ಕಾಫಿ ಕೊಯ್ಲಿಗೆ ಬರುವ ಕುಟುಂಬಗಳ ಮಕ್ಕಳು ನವೆಂಬರ್ ನಂತರ ಸೇರುತ್ತಾರಾದರೆ ಅದನ್ನೂ ಬೇರೆಯಾಗಿ ನಮೂದಿಸಿ.