ಕೋಲಾರದ ಚಿನ್ನ ಮೊಹೆಂಜೊದಾರೊಗೆ ಹೋಗಿತ್ತೇ? ಒಂದು ವಾಕ್ಯದ ಬೆನ್ನು ಹತ್ತಿ

‘ಸಿಂಧೂ ಕಣಿವೆಯವರು ಕೋಲಾರದಿಂದ ಚಿನ್ನ ತರಿಸುತ್ತಿದ್ದರು.’ ನಮ್ಮ ಕೋಲಾರದವರಿಗೆ ಈ ವಾಕ್ಯ ಬಾಯಿಪಾಠ. ಪರೀಕ್ಷೆಯ ಗೈಡುಗಳಲ್ಲೂ ಇದೆ, ಕೆಜಿಎಫ್‌ನ ಟೀ ಅಂಗಡಿ ಮಾತಿನಲ್ಲೂ ಇದೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಸಂಶೋಧನಾ ವಿಧಾನ ಓದುವವರು ಮಾತ್ರ ಇದನ್ನು ಬಿಚ್ಚಿ ನೋಡಬೇಕು. ಪುರಾತತ್ವ, ರಸಾಯನಶಾಸ್ತ್ರ, ಮಾಹಿತಿ ವಿಜ್ಞಾನ ಮೂರೂ ಇದರೊಳಗಿವೆ.

ಮೊದಲು ಮೂಲ ಹುಡುಕೋಣ. ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋದರೆ 1931ರಲ್ಲಿ ಜಾನ್ ಮಾರ್ಷಲ್ ಸಂಪಾದಿಸಿದ ಮೊಹೆಂಜೊದಾರೊ ವರದಿ ಸಿಗುತ್ತದೆ. ಅಲ್ಲಿನ ಒಡವೆಗಳ ಚಿನ್ನದಲ್ಲಿ ಬೆಳ್ಳಿಯ ಅಂಶ ಹೆಚ್ಚಿದೆ, ಆದ್ದರಿಂದ ಅದು ಕೋಲಾರದ ಕಡೆಯಿಂದ ಬಂದಿರಬಹುದು ಎಂದು ಭೂವಿಜ್ಞಾನಿ ಎಡ್ವಿನ್ ಪ್ಯಾಸ್ಕೊ ಸೂಚಿಸಿದರು. ಅವರ ‘ಬಂದಿರಬಹುದು’ ಗೈಡಿಗೆ ಬರುವಷ್ಟರಲ್ಲಿ ‘ತರಿಸುತ್ತಿದ್ದರು’ ಆಗಿದೆ. ಹತ್ತು ಪುಸ್ತಕಗಳು ಒಂದೇ ಪುಟವನ್ನು ನೆಚ್ಚಿಕೊಂಡಿದ್ದರೆ ಸಾಕ್ಷಿ ಹತ್ತಾಗುವುದಿಲ್ಲ, ಒಂದೇ. ಅಡಿಟಿಪ್ಪಣಿ ಹಿಂದಿನದನ್ನಷ್ಟೇ ತೋರಿಸುತ್ತದೆ. ಒಂದು ಬರಹವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು, ಯಾರು ಅಲ್ಲಗಳೆದರು ಎಂಬುದಕ್ಕೆ ಉಲ್ಲೇಖ ಸೂಚಿ ಬೇಕು. ವಿಜ್ಞಾನ ವಿಷಯಗಳಿಗೆ ಅದನ್ನು 1960ರ ದಶಕದಲ್ಲಿ ಕಟ್ಟಿದವರು ಯೂಜೀನ್ ಗಾರ್ಫೀಲ್ಡ್.

ಈಗ ರಸಾಯನಶಾಸ್ತ್ರ. ವಾದದ ಬಲವೆಲ್ಲ ಬೆಳ್ಳಿಯ ಮೇಲೆ ನಿಂತಿದೆ, ಸಡಿಲವಾಗಿರುವುದೂ ಅಲ್ಲೇ. ಪ್ರಕೃತಿಯಲ್ಲಿ ಸಿಗುವ ಚಿನ್ನದಲ್ಲಿ ಸಾಮಾನ್ಯವಾಗಿ ಬೆಳ್ಳಿ ಸೇರಿಯೇ ಇರುತ್ತದೆ, ಅದು ಕೋಲಾರಕ್ಕಷ್ಟೇ ಸೇರಿದ ಗುರುತಲ್ಲ. ಒಂದೇ ಅದಿರಿನ ಪಟ್ಟಿಯೊಳಗೂ ಪ್ರಮಾಣ ಏರಿಳಿಯುತ್ತದೆ. ಅಕ್ಕಸಾಲಿಗರು ಬೇಕೆಂದೇ ಬೆಳ್ಳಿ, ತಾಮ್ರ ಬೆರೆಸುತ್ತಾರೆ; ಬೆಸುಗೆಯ ಜಾಗದಲ್ಲಿ ಅಳೆದರೆ ಲೆಕ್ಕವೇ ಬೇರೆ. ಹಳೆಯ ಒಡವೆ ಕರಗಿಸಿ ಹೊಸದು ಮಾಡಿದಾಗ ಎರಡು ಊರಿನ ಚಿನ್ನ ಒಂದಾಗಿಬಿಡುತ್ತದೆ. ಇನ್ನೊಂದು ತೊಡಕು: ಮಣ್ಣಿನಲ್ಲಿ ಹೂತ ಒಡವೆಯ ಮೇಲ್ಮೈಯಿಂದ ಬೆಳ್ಳಿ, ತಾಮ್ರ ನಿಧಾನವಾಗಿ ಕರಗಿ ಹೋಗುತ್ತವೆ. ಎಕ್ಸ್-ರೇ ಹಾಯಿಸಿ ಲೋಹಗಳ ಪ್ರಮಾಣ ಅಳೆಯುವ ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣ ಒಡವೆಗೆ ಗಾಯ ಮಾಡುವುದಿಲ್ಲ, ನಿಜ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು, ಹಾಗಾಗಿ ಚಿನ್ನ ಇರುವುದಕ್ಕಿಂತ ಶುದ್ಧವಾಗಿ ಕಾಣಬಹುದು. ಬೆಳ್ಳಿಗಿಂತ ನಂಬಬಹುದಾದ ಸುಳಿವು ಆಸ್ಮಿಯಂ, ಇರಿಡಿಯಂ ಎಂಬ ಲೋಹಗಳು ಸೇರಿದ ಗಟ್ಟಿ ಕಣಗಳು. ಚಿನ್ನ ಕರಗಿದರೂ ಅವು ಕರಗದೆ ಉಳಿಯುತ್ತವೆ. ಕಂಡರೆ, ಚಿನ್ನ ಬಂಡೆ ಒಡೆದು ತೆಗೆದದ್ದಲ್ಲ, ಹೊಳೆಯ ಮರಳು ತೊಳೆದು ತೆಗೆದದ್ದು ಎಂಬ ಅನುಮಾನ ಬಲವಾಗುತ್ತದೆ.

ಕಾಲನಿರ್ಣಯಕ್ಕೆ ಚಿನ್ನದಿಂದ ಉಪಯೋಗವಿಲ್ಲ, ಅದರಲ್ಲಿ ಇಂಗಾಲವಿಲ್ಲ. ಹಳೆಯ ಗಣಿಗೆ ಆನಿಸಿದ್ದ ಮರದ ತೊಲೆಗಳಲ್ಲಿದೆ. ವಿಲ್ಲರ್ಡ್ ಲಿಬ್ಬಿಗೆ 1960ರ ರಸಾಯನಶಾಸ್ತ್ರ ನೊಬೆಲ್ ತಂದುಕೊಟ್ಟ ಇಂಗಾಲ-14 ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಸತ್ತ ಮರದಲ್ಲಿ ಇಂಗಾಲ-14 ಕುಗ್ಗುತ್ತಾ ಹೋಗುತ್ತದೆ; ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಅಂದರೆ ಅರ್ಧಾಯು, ಸುಮಾರು 5730 ವರ್ಷ. ರಾಯಚೂರು ಜಿಲ್ಲೆಯ ಹಟ್ಟಿಯ ಹಳೆಯ ಚಿನ್ನದ ಗಣಿಯ ಮರ ಸುಮಾರು 2000 ವರ್ಷ ಹಿಂದಿನದು, ಕೋಲಾರದ್ದು ಕ್ರಿ.ಶ. ಮೊದಲ ಸಹಸ್ರಮಾನದ್ದು. ಹರಪ್ಪ ನಗರಗಳ ಉಚ್ಛ್ರಾಯ ಕಾಲ ಕ್ರಿ.ಪೂ. 2600ರಿಂದ 1900. ಅಂತರ ಸಣ್ಣದಲ್ಲ. ಆದರೂ ‘ವಾದ ಬಿದ್ದುಹೋಯಿತು’ ಎಂದು ಬರೆಯಬೇಡಿ. ಮರಳು ತೊಳೆದವರು ತೊಲೆ ಬಿಟ್ಟು ಹೋಗುವುದಿಲ್ಲ. 1880ರ ದಶಕದಿಂದ 2001ರವರೆಗೆ ನಡೆದ ಗಣಿಗಾರಿಕೆ ಎಷ್ಟೋ ಹಳೆಯ ಗುಂಡಿಗಳನ್ನೇ ನುಂಗಿದೆ. ಕೆಜಿಎಫ್‌ನ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂಗಾಲದ ವರದಿಗಳಲ್ಲಿ ‘ಇಂದಿಗೆ ಇಷ್ಟು ವರ್ಷ ಹಿಂದೆ’ ಎಂದಿದ್ದರೆ ಆ ‘ಇಂದು’ 1950. ಅದರಿಂದ ಕಳೆದು ನೇರವಾಗಿ ಇಸವಿ ಬರೆಯಬಾರದು, ಮರದ ಉಂಗುರ ಮುಂತಾದವುಗಳಿಂದ ಸಿದ್ಧಪಡಿಸಿದ ತಿದ್ದುಪಡಿ ರೇಖೆಗೆ ಹೊಂದಿಸಬೇಕು. ಜೊತೆಗೆ ಪ್ರತಿ ಮಾದರಿಗೆ ಪ್ರಯೋಗಾಲಯ ಕೊಡುವ ಸಂಖ್ಯೆಯನ್ನೂ ಬರೆದುಕೊಳ್ಳಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದ್ದು ‘ಟಿಎಫ್’, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ್ದು ‘ಪಿಆರ್‌ಎಲ್’ ಎಂದು ಶುರುವಾಗುತ್ತದೆ. ಲೇಖಕರ ಹೆಸರಿಗಿಂತ ಈ ಸಂಖ್ಯೆಯೇ ಹುಡುಕಾಟಕ್ಕೆ ಹೆಚ್ಚು ಸಹಾಯ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಉತ್ಖನನದ ವರದಿಯಲ್ಲೂ ಪ್ರಯೋಗಾಲಯದ ಪಟ್ಟಿಯಲ್ಲೂ ಅದು ಬದಲಾಗದೆ ಇರುತ್ತದೆ.

ಗ್ರಂಥಾಲಯಕ್ಕೆ ಹೋದರೆ, ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಕ್ರಮದಲ್ಲಿ ರಸಾಯನಶಾಸ್ತ್ರ 540ರಲ್ಲಿ, ಪುರಾತತ್ವ 930ರಲ್ಲಿ. ನಮ್ಮ ಪ್ರಶ್ನೆಗೆ ಒಂದೇ ಕಪಾಟು ಸಾಲದು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲೆ ಸಂಶೋಧನಾ ಮತ್ತು ತರಬೇತಿ ಕೇಂದ್ರ ಆರಂಭಿಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಒಂದು ವಿಷಯವನ್ನು ಬೇರೆ ಬೇರೆ ಮುಖಗಳಾಗಿ ಒಡೆಯಲು ಕಲಿಸಿದರು. ದ್ರವ್ಯ, ದೇಶ, ಕಾಲ ಅವುಗಳಲ್ಲಿ ಮೂರು. ದ್ರವ್ಯಕ್ಕೆ ಚಿನ್ನ, ಬೆಳ್ಳಿ, ಮರ ಎಂದು ಬೇರೆ ಬೇರೆಯಾಗಿ ಹುಡುಕಿ. ದೇಶಕ್ಕೆ ‘ಕರ್ನಾಟಕ’ ಎಂದಷ್ಟೇ ಕೊಟ್ಟರೆ 1973ಕ್ಕಿಂತ ಹಿಂದಿನ ಲೇಖನಗಳು ತಪ್ಪಿಹೋಗುತ್ತವೆ, ‘ಮೈಸೂರು’ ಕೂಡ ಕೊಡಿ. ಚಿಕ್ಕಬಳ್ಳಾಪುರದ ಗೆಳೆಯರು ತಮ್ಮ ಊರಿನ ಹಳೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಕೋಲಾರ ಸಂಪುಟದಲ್ಲೇ ನೋಡಬೇಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ.