ಸಾಕು ಇಲಿಗೆ ಕಡಿಯಲು ಯಾವ ಮರದ ಕಡ್ಡಿ ಕೊಡಬೇಕು?

ಮೊನ್ನೆ ತಾಯಿ ಮಗ ಇಬ್ಬರೂ ಪಂಜರ ಹಿಡಿದುಕೊಂಡು ಕ್ಲಿನಿಕ್‌ಗೆ ಬಂದರು. ಒಳಗೆ ಎರಡು ಬಿಳಿ ಇಲಿ. ಒಂದು ತುಂಬಾ ಸೊರಗಿತ್ತು. "ಕಾಳು ಬಾಯಿಗೆ ಹಾಕ್ಕೊಳ್ಳುತ್ತೆ ಡಾಕ್ಟ್ರೇ, ಆಮೇಲೆ ಉದುರಿಸಿಬಿಡುತ್ತೆ" ಅಂದ ಹುಡುಗ. ತುಟಿ ಸರಿಸಿ ನೋಡಿದೆ. ಮೇಲಿನ ಎರಡು ಹಲ್ಲು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿದ್ದವು. ಸಣ್ಣ ಡೆಂಟಲ್ ಡ್ರಿಲ್‌ನಿಂದ ಸವೆಸಿ ಸರಿಮಾಡಿದೆ. ಮನೆಯಲ್ಲಿ ನೇಲ್ ಕಟರ್ ಹಿಡಿದು ಈ ಕೆಲಸಕ್ಕೆ ಕೈ ಹಾಕಬೇಡಿ, ಹಲ್ಲು ಉದ್ದಕ್ಕೆ ಸೀಳಿಬಿಡುತ್ತದೆ.

ಪಂಜರದ ಮೂಲೆಯಲ್ಲಿ ಒಂದು ಪ್ಲೈವುಡ್ ತುಂಡು ಇತ್ತು. ಅಡುಗೆಮನೆಯ ಕೆಲಸದಲ್ಲಿ ಉಳಿದದ್ದಂತೆ. ಗಟ್ಟಿಯಾಗಿದ್ದ ಇನ್ನೊಂದು ಇಲಿ ಅದರ ಅಂಚನ್ನು ಅರ್ಧ ಬೆರಳಿನಷ್ಟು ಕಡಿದು ಹಾಕಿತ್ತು. "ಮರ ತಾನೇ, ತೊಂದರೆ ಇಲ್ಲ ಅಲ್ವಾ?" ಅಂತ ತಾಯಿ ಕೇಳಿದರು. ತೊಂದರೆ ಇದೆ. ಪ್ಲೈವುಡ್ ಅಂದರೆ ಪದರ ಪದರಕ್ಕೂ ಅಂಟು, ಅದರಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮರದ ನಾರನ್ನು ಅಂಟು ಹಾಕಿ ಒತ್ತಿದ ಎಂಡಿಎಫ್ ಹಲಗೆ ಕೂಡ ಹಾಗೆಯೇ.

ಇಲಿಯ ಬಾಯಲ್ಲಿ ಇರುವುದು 16 ಹಲ್ಲು. ಮುಂದಿನ ನಾಲ್ಕು ಬಾಚಿಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್. ಮುಂಭಾಗದಲ್ಲಿ ಮಾತ್ರ ಗಟ್ಟಿ ಎನಾಮೆಲ್ ಇದೆ, ಹಿಂಭಾಗ ಮೆತ್ತಗೆ. ಹಿಂದಿನದು ಬೇಗ ಸವೆಯುವುದರಿಂದ ತುದಿ ಉಳಿಯ ಹಾಗೆ ಚೂಪಾಗಿ ಉಳಿಯುತ್ತದೆ. ಎನಾಮೆಲ್ ಹಳದಿಯಾಗಿರುವುದು ಅದರಲ್ಲಿನ ಕಬ್ಬಿಣದಿಂದ, ಅದು ಕೊಳೆ ಅಂದುಕೊಂಡು ಉಜ್ಜಬೇಡಿ. ಇಲಿ ಹಲ್ಲಿಗೆ ಹಲ್ಲು ಮಸೆದೂ ಸವೆಸಿಕೊಳ್ಳುತ್ತದೆ. ಆದರೂ ಕಡಿಯಲು ಏನಾದರೂ ಬೇಕೇ ಬೇಕು. ಕೊಡದಿದ್ದರೆ ಪಂಜರದ ಸರಳು ಕಡಿಯುತ್ತದೆ, ಹಲ್ಲು ಮುರಿದುಕೊಳ್ಳಬಹುದು, ಓರೆ ಮಾಡಿಕೊಳ್ಳಬಹುದು.

ನಮ್ಮ ಕಡೆ ನಾನು ಮೊದಲು ಹೇಳುವುದು ಸೀಬೆ ಕಡ್ಡಿ. ಉತ್ತರ ಕರ್ನಾಟಕದವರು ಪೇರಲ ಅನ್ನುತ್ತಾರಲ್ಲ, ಅದೇ. ಹಿತ್ತಲಲ್ಲೇ ಸಿಗುತ್ತದೆ. ಸೇಬು, ಪಿಯರ್ ಮರದ ಕಡ್ಡಿ ಸಿಕ್ಕರೆ ಅವೂ ಒಳ್ಳೆಯವೇ. ಇನ್ನು ಹಿಪ್ಪುನೇರಳೆ. ರಾಮನಗರ, ಶಿಡ್ಲಘಟ್ಟದ ಕಡೆ ನೆಂಟರಿದ್ದರೆ ಸುಲಭ. ಆದರೆ ಎರಡು ಮಾತು ನೆನಪಿರಲಿ. ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಕೇಳಿ. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವವರು ಆ ದಿನಗಳನ್ನು ಎಣಿಸಿಕೊಂಡೇ ಇರುತ್ತಾರೆ. ಮತ್ತೆ, ಹುಳು ತಿಂದು ಬಿಟ್ಟ ಕಡ್ಡಿಯನ್ನು ಹುಳುಮನೆಯಿಂದ ತರಬೇಡಿ. ಅಲ್ಲಿ ಸುಣ್ಣ, ಸೋಂಕು ತಡೆಯುವ ಪುಡಿ ಉದುರಿಸಿರುತ್ತಾರೆ. ಗಿಡದಿಂದಲೇ ಕತ್ತರಿಸಿಕೊಳ್ಳಿ.

ಬೇಡದ ಮರ ಗುರುತಿಸಲು ಎರಡು ಸುಲಭದ ಗುರುತು: ಮುರಿದರೆ ಹಾಲು ಅಥವಾ ಸೊನೆ ಬರುವುದು (ಹಿಪ್ಪುನೇರಳೆಯಲ್ಲೂ ಹಾಲು ಬರುತ್ತದೆ, ಅದೊಂದನ್ನು ಬಿಟ್ಟು), ಜೋರು ವಾಸನೆ ಇರುವುದು. ಕಣಗಿಲೆಯನ್ನಂತೂ ಹತ್ತಿರಕ್ಕೂ ತರಬೇಡಿ, ಅದು ಹೃದಯಕ್ಕೇ ವಿಷ. ಎಕ್ಕ, ಕಳ್ಳಿ, ಗೇರು, ಮಾವು, ನೀಲಗಿರಿ ಬೇಡ. ಚೆರ್ರಿ, ಪೀಚ್, ಪ್ಲಮ್ ಮರಗಳ ಕಡ್ಡಿಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ಬೇವಿನ ಕಡ್ಡಿ ನಮ್ಮ ಹಲ್ಲಿಗೆ ಒಳ್ಳೆಯದು ನಿಜ, ಆದರೆ ಇಲಿಗೆ ನಾನು ಕೊಡಿಸುವುದಿಲ್ಲ. 30 ಗ್ರಾಂ ತೂಗುವ ಪ್ರಾಣಿ ಅದು. ನಮಗೆ ಚೂರು ಅನ್ನಿಸಿದ್ದು ಅದಕ್ಕೆ ಜಾಸ್ತಿ.

ಘಮಘಮ ಅನ್ನುವ ಸೀಡರ್, ಹಸಿ ಪೈನ್ ಕೂಡ ಇದೇ ಸಾಲಿಗೆ ಸೇರುತ್ತವೆ. ಇಂಥ ಮರದ ಹೊಟ್ಟಿನ ಮೇಲೆ ಇಟ್ಟ ಇಲಿಗಳ ಯಕೃತ್ತಿನಲ್ಲಿ ಔಷಧ ಕರಗಿಸುವ ಕಿಣ್ವಗಳು ಏರುವುದು 1967ರಲ್ಲೇ ಗೊತ್ತಾಗಿತ್ತು. ಇಲಿ ಮಲಗುವುದೂ ಅದರ ಮೇಲೆ, ಉಸಿರಾಡುವುದೂ ಅದನ್ನೇ. ಬಡಗಿ ಅಂಗಡಿಯಿಂದ ಚೀಲ ತುಂಬಿ ತರುವ ಹೊಟ್ಟಿನಲ್ಲಿ ಯಾವ ಮರ ಬೆರೆತಿದೆಯೋ ಹೇಳುವವರು ಯಾರು?

ಕಡ್ಡಿ ಪೆನ್ಸಿಲ್ ದಪ್ಪ ಇದ್ದರೆ ಸಾಕು. ಸೋಪು ಹಾಕದೆ ತೊಳೆಯಿರಿ, ಹತ್ತು ನಿಮಿಷ ಕುದಿಸಿ, ಪೂರ್ತಿ ಒಣಗುವವರೆಗೆ ಬಿಸಿಲಿಗಿಡಿ. ತೊಗಟೆ ಕೆರೆಯಬೇಡಿ, ಇಲಿಗೆ ಅದೇ ಇಷ್ಟ. ಬೂಷ್ಟು ಕಂಡರೆ ಎಸೆದುಬಿಡಿ.

ಮೂರು ವಾರ ಬಿಟ್ಟು ಹುಡುಗ ಮತ್ತೆ ಬಂದ. ಜೇಬಿನಿಂದ ಸೀಬೆ ಕಡ್ಡಿ ತೆಗೆದು ನನ್ನ ಅಂಗೈಲಿಟ್ಟ. ತೊಗಟೆ ಒಂದು ಚೂರೂ ಉಳಿದಿರಲಿಲ್ಲ, ಬಿಳಿ ಮರದ ಮೇಲೆ ಜೋಡಿ ಜೋಡಿ ಸಣ್ಣ ಗೀರು. "ಇದು ಚೆನ್ನಾಗಿರೋದು ಕಡಿದಿದ್ದು. ಅದು ಇನ್ನೂ ನಿಧಾನ" ಅಂದ. ಓರೆಯಾದ ಹಲ್ಲು ಕಡ್ಡಿಯಿಂದ ನೆಟ್ಟಗಾಗುವುದಿಲ್ಲ. ಅದನ್ನು ಅವತ್ತೂ ಡ್ರಿಲ್‌ನಲ್ಲೇ ಸವೆಸಿದೆ, ಮತ್ತೆ ಮೂರು ವಾರಕ್ಕೆ ಕರೆತರಲು ಹೇಳಿದೆ.