ಹಾಂಕಾಂಗ್ ಚುನಾವಣಾ ವಿವಾದ, 1992–97: ತಕರಾರು ಇದ್ದದ್ದು ಯಾವ ಸೀಟುಗಳ ಬಗ್ಗೆ?

ಕಾಸರಗೋಡು, ಮಂಜೇಶ್ವರ ಕಡೆ ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಓದುವವರಿಗೆ ಈ ಟಿಪ್ಪಣಿ. “ಬ್ರಿಟನ್ ಪ್ರಜಾಪ್ರಭುತ್ವ ಕೇಳಿತು, ಚೀನಾ ಬೇಡವೆಂದಿತು” ಎಂದಷ್ಟೇ ಬರೆದರೆ ಅಂಕ ಸಿಗುವುದು ಕಷ್ಟ. ಜಗಳ ನಿಂತದ್ದು ಯಾವ ಸೀಟಿಗೆ ಯಾರು ಮತ ಹಾಕಬೇಕು ಎಂಬುದರ ಮೇಲೆ.

ಬ್ರಿಟನ್ನಿನ ವಸಾಹತಾಗಿದ್ದ ಹಾಂಕಾಂಗನ್ನು 1997ರಲ್ಲಿ ಚೀನಾಕ್ಕೆ ಹಸ್ತಾಂತರಿಸಲು ಎರಡೂ ದೇಶ 1984ರ ಡಿಸೆಂಬರ್ 19ರಂದು ಮಾಡಿಕೊಂಡ ಜಂಟಿ ಘೋಷಣೆಯಲ್ಲಿ ಅಲ್ಲಿನ ಶಾಸನಸಭೆ ಚುನಾವಣೆಯಿಂದ ರಚನೆಯಾಗಬೇಕು ಎಂದಿದೆ. ಮತದಾರ ಯಾರು, ಮತ ಹೇಗೆ ಎಂಬುದಿಲ್ಲ. ಆ ಖಾಲಿ ಜಾಗ ತುಂಬಿದ್ದು 1990ರ ಏಪ್ರಿಲ್ 4ರ ಬೇಸಿಕ್ ಲಾ (ಹಸ್ತಾಂತರದ ನಂತರದ ಹಾಂಕಾಂಗ್‌ಗೆ ಚೀನಾ ಮಾಡಿದ ಮೂಲ ಕಾನೂನು) ಮತ್ತು ಅದೇ ದಿನ ಚೀನಾ ಸಂಸತ್ತು ಕೈಗೊಂಡ ನಿರ್ಣಯ: ಮೊದಲ ಸಭೆಗೆ 60 ಸೀಟು, ನೇರ ಚುನಾವಣೆಗೆ 20, ವೃತ್ತಿ ಕ್ಷೇತ್ರಗಳಿಗೆ (ಊರಿನ ಬದಲು ಉದ್ಯೋಗ, ವ್ಯಾಪಾರದ ಆಧಾರದ ಕ್ಷೇತ್ರ) 30, ಚುನಾವಣಾ ಸಮಿತಿಗೆ 10. ಕೊನೆಯ ಬ್ರಿಟಿಷ್ ಕಾಲದ ಸಭೆ ಇದಕ್ಕೆ ಹೊಂದಿಕೊಂಡರೆ, ಅರ್ಹ ಸದಸ್ಯರು 1997 ದಾಟಿಯೂ ಮುಂದುವರಿಯಬಹುದಿತ್ತು. ಇದಕ್ಕೆ ‘ಥ್ರೂ ಟ್ರೇನ್’ ಎನ್ನುತ್ತಿದ್ದರು.

1992ರ ಅಕ್ಟೋಬರ್ 7ರಂದು ಚುನಾವಣಾ ಸುಧಾರಣೆ ಪ್ರಸ್ತಾಪಿಸಿದ ಹಾಂಕಾಂಗ್‌ನ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ ಈ ಸಂಖ್ಯೆಗಳನ್ನು ಮುಟ್ಟಲೇ ಇಲ್ಲ. ಜಾಣತನ ಇರುವುದು ಇಲ್ಲೇ. ಹಳೆಯ ವೃತ್ತಿ ಕ್ಷೇತ್ರಗಳಲ್ಲಿ ಕೆಲವೆಡೆ ಕಂಪನಿ, ಸಂಸ್ಥೆಗಳೇ ಮತ ಹಾಕುತ್ತಿದ್ದವು. ಆ ಮತ ವ್ಯಕ್ತಿಗಳಿಗೆ ಹೋಗಲಿ ಎಂದರು. ಹೊಸ 9 ವೃತ್ತಿ ಕ್ಷೇತ್ರಗಳಿಗೆ ಸುಮಾರು 27 ಲಕ್ಷ ದುಡಿಯುವ ಜನರೆಲ್ಲ ಮತದಾರರು. ಚುನಾವಣಾ ಸಮಿತಿಯಲ್ಲಿ ಜನರೇ ಆರಿಸಿದ ಜಿಲ್ಲಾ ಮಂಡಳಿ ಸದಸ್ಯರು. ಮತದಾನದ ವಯಸ್ಸು 21ರಿಂದ 18ಕ್ಕೆ. ಅಂದರೆ 20 ನೇರ ಸೀಟು ಇದ್ದ ಹಾಗೇ ಇದ್ದು, ಉಳಿದ 40ರ ಸ್ವರೂಪ ಬದಲಾಯಿತು.

ಜಂಟಿ ಘೋಷಣೆ, ಬೇಸಿಕ್ ಲಾ ಎರಡನ್ನೂ ಇದು ಮೀರುತ್ತದೆ ಎಂದ ಚೀನಾ, ಮೂರನೆಯದಾಗಿ 1990ರ ಆರಂಭದಲ್ಲಿ ವಿದೇಶಾಂಗ ಮಂತ್ರಿಗಳಾದ ಡಗ್ಲಸ್ ಹರ್ಡ್ ಮತ್ತು ಚಿಯನ್ ಚೀಚೆನ್ ನಡುವೆ ಹಾಂಕಾಂಗ್ ಚುನಾವಣೆಯ ಬಗ್ಗೆ ಓಡಾಡಿದ ಏಳು ಪತ್ರಗಳನ್ನು ಮುಂದಿಟ್ಟಿತು. ಒಪ್ಪಂದ ಅಂತಿಮವಾಗಿರಲಿಲ್ಲ ಎಂಬುದು ಬ್ರಿಟನ್ನಿನ ವಾದ. ಪತ್ರಗಳು ಒಪ್ಪಂದವಲ್ಲ, ನಿಜ. ಆದರೆ ಆ ವಿಷಯ ಮಾತಿಗೇ ಬಂದಿರಲಿಲ್ಲ ಎನ್ನಲೂ ಬರುವುದಿಲ್ಲ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

1993ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ 17 ಸುತ್ತಿನ ಮಾತುಕತೆ ನಡೆದು ಮುರಿಯಿತು. 1994ರ ಜೂನ್ ಕೊನೆಗೆ ಪ್ಯಾಟನ್ ಯೋಜನೆಯ ಮುಖ್ಯ ಮಸೂದೆ ಹಾಂಕಾಂಗ್ ಶಾಸನಸಭೆಯಲ್ಲಿ ಪಾಸಾಯಿತು. ಅದನ್ನು ಸಡಿಲಿಸುವ ತಿದ್ದುಪಡಿ ಒಂದೇ ಮತದಿಂದ ಸೋತಿತು. ಆಗಸ್ಟ್ 31ರಂದೇ ಬೀಜಿಂಗ್ ನಿರ್ಧರಿಸಿತು: 1997ರ ಜೂನ್ 30ಕ್ಕೆ ಬ್ರಿಟಿಷ್ ಕಾಲದ ಸಭೆ ಮುಗಿಯುತ್ತದೆ. 1995ರ ಸೆಪ್ಟೆಂಬರ್ 17ರಂದು ಗೆದ್ದವರಿಗೆ ಥ್ರೂ ಟ್ರೇನ್ ಇರಲಿಲ್ಲ. ಬದಲಿಗೆ 1996ರ ಡಿಸೆಂಬರ್ 21ರಂದು ಆರಿಸಿದ ತಾತ್ಕಾಲಿಕ ಶಾಸನಸಭೆ ಹಸ್ತಾಂತರದವರೆಗೆ ಗಡಿಯಾಚೆ ಶೆನ್‌ಜೆನ್‌ನಲ್ಲಿ ಸೇರಿತು. ಹಾಂಕಾಂಗ್‌ನಲ್ಲಿ ಇನ್ನೂ ಹಳೆಯ ಸಭೆಯೇ ಊರ್ಜಿತವಿತ್ತಲ್ಲ!

ನಮ್ಮೂರಿನ ಜೊತೆ ಹೋಲಿಸಿ ಬರೆಯುವ ಚಪಲ ಬೇಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಬದಲಾದದ್ದು ರಾಜ್ಯ, ಸಾರ್ವಭೌಮತ್ವವಲ್ಲ. 1957ರಲ್ಲಿ ಮಂಜೇಶ್ವರದಿಂದ ಉಮೇಶ್ ರಾವ್ ಅವಿರೋಧವಾಗಿ ಗೆದ್ದದ್ದೂ ಅದೇ ಸಂವಿಧಾನದಡಿ. ಇಲ್ಲಿಯ ತಕರಾರು ಗಡಿಯದು, ಮತದಾರ ಯಾರೆಂಬುದಲ್ಲ.

ಬಹಳ ಮಂದಿ ಎಡವುವುದು ಸಮಿತಿಗಳಲ್ಲಿ. 1995ರಲ್ಲಿ 10 ಸೀಟು ತುಂಬಿದ ಚುನಾವಣಾ ಸಮಿತಿಯಲ್ಲಿ ಇದ್ದವರು 283. ತಾತ್ಕಾಲಿಕ ಸಭೆಯನ್ನೂ ಹಸ್ತಾಂತರದ ನಂತರದ ಮೊದಲ ಆಡಳಿತ ಮುಖ್ಯಸ್ಥ ತುಂಗ್ ಚೀಹ್ವಾ ಅವರನ್ನೂ ಆರಿಸಿದ್ದು 400 ಜನರ ಆಯ್ಕೆ ಸಮಿತಿ. 1998ರ ಚುನಾವಣಾ ಸಮಿತಿಯಲ್ಲಿ 800 ಜನ.